ಸಹಿ ಆಮೇಲೆ, ಸಲಹೆ ಮೊದಲು

ಹೊಸಪೇಟೆ–ಬಳ್ಳಾರಿ ಹೆದ್ದಾರಿಯ ಪಾಪಿನಾಯಕನಹಳ್ಳಿಯಂಥ ಊರಿನಲ್ಲಿ ಕಾನೂನು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಮನೆಗೆ ಬರುತ್ತದೆ. ಒಮ್ಮೆ ಅದಿರು ಲಾರಿಯ ಅಪಘಾತವಾಗಿ, ಒಮ್ಮೆ ಹೊಲದ ಪಾಲಾಗಿ, ಮತ್ತೊಮ್ಮೆ ಸಂಘದ ಸಾಲದ ಕಂತಾಗಿ. ಜನ ವಕೀಲರ ಬಳಿ ಹೋಗುವುದು ಬಹುಪಾಲು ಸಹಿ ಹಾಕಿ ಆದ ಮೇಲೆ, ಗಡುವು ದಾಟಿದ ಮೇಲೆ. ಫೀಸಿನ ಭಯವೇ ಇದಕ್ಕೆ ದೊಡ್ಡ ಕಾರಣ. ಆ ಭಯ ನಿಮ್ಮಲ್ಲಿ ಬಹಳ ಜನಕ್ಕೆ ಬೇಕಾಗಿಯೇ ಇಲ್ಲ.

1. ನೀವು ಉಚಿತ ವಕೀಲರಿಗೆ ಅರ್ಹರೇ, ನೋಡಿಕೊಳ್ಳಿ.
1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ನೆರೆ–ಬರಕ್ಕೆ ಸಿಕ್ಕವರು ಇವರಿಗೆಲ್ಲ ಆದಾಯದ ಲೆಕ್ಕವಿಲ್ಲದೆ ನೆರವು ಸಿಗುತ್ತದೆ. ಉಳಿದವರಿಗೆ ಕರ್ನಾಟಕದಲ್ಲಿ ವಾರ್ಷಿಕ ಆದಾಯದ ಮಿತಿ 3 ಲಕ್ಷ ರೂಪಾಯಿ. ವಕೀಲರ ಫೀಸಷ್ಟೇ ಅಲ್ಲ, ಕೋರ್ಟ್ ಶುಲ್ಕ, ಅರ್ಜಿ ಬರೆಸುವುದು, ನಕಲು ತೆಗೆಸುವುದು ಎಲ್ಲವೂ ಇದರಲ್ಲಿ ಸೇರಿದೆ. ಹೀಗೆ ನೇಮಕಗೊಂಡ ವಕೀಲರು ನಿಮ್ಮಿಂದ ಹಣ ಕೇಳುವಂತಿಲ್ಲ. ಕೇಳಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೇ ದೂರು ಕೊಡಿ. ಸಂವಿಧಾನದ 39ಎ ವಿಧಿ ಸರ್ಕಾರದ ಮೇಲೆ ಹೊರಿಸಿದ ಹೊಣೆ ಇದು, ಪಡೆಯಲು ಸಂಕೋಚ ಬೇಡ.

2. ಯಾವ ಬಾಗಿಲು ತಟ್ಟಬೇಕೆಂದು ತಿಳಿದಿರಲಿ.
ಹೊಸಪೇಟೆಯವರು ಹೊಸಪೇಟೆ ಕೋರ್ಟಿನಲ್ಲಿ, ಸಂಡೂರಿನವರು ಸಂಡೂರು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ದಿನದ ಕೂಲಿ ಬಿಟ್ಟು ಹೋಗಲಾಗದಿದ್ದರೆ 15100ಕ್ಕೆ ಫೋನ್ ಮಾಡಿ. ಸಾಮಾನ್ಯ ಸೇವಾ ಕೇಂದ್ರಗಳಲ್ಲಿ ‘ಟೆಲಿ-ಲಾ’ ಮೂಲಕ ವಕೀಲರೊಂದಿಗೆ ಮಾತಾಡಲೂಬಹುದು.

3. ದೂರು ಹೇಳುವ ಮೊದಲು ತಾರೀಖು ಬರೆಯಿರಿ.
ಒಂದೇ ಹಾಳೆ ಸಾಕು. ಯಾವ ದಿನ ಏನಾಯಿತು, ಯಾರು ಇದ್ದರು, ಯಾವ ಕಾಗದ ಕೈಗೆ ಬಂತು. ಜೊತೆಗೆ ಆಧಾರ್, ಪಹಣಿ, ರಸೀದಿ, ನೋಟಿಸು ಬಂದಿದ್ದರೆ ಅದರ ಲಕೋಟೆಯನ್ನೂ ಇಟ್ಟುಕೊಳ್ಳಿ. ಗಡುವಿನ ಲೆಕ್ಕಕ್ಕೆ ಲಕೋಟೆಯ ಮೇಲಿನ ಅಂಚೆ ಮುದ್ರೆಯೂ ನೆರವಾಗುತ್ತದೆ. ಮೂಲ ದಾಖಲೆ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ.

4. ಅಕ್ಕ ತಂಗಿಯರೇ, ‘ಸುಮ್ಮನೆ ಒಂದು ಸಹಿ’ ಎಂದರೆ ನಿಲ್ಲಿ.
ಅಪ್ಪ ತೀರಿಕೊಂಡ ಮೇಲೆ ಖಾತೆ ಬದಲಾವಣೆಗೆಂದು ಕರೆದು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ತವರಿನ ನಂಟು ಕಡಿದುಹೋದೀತೆಂಬ ಅಂಜಿಕೆಯಲ್ಲಿ ಹೆಣ್ಣುಮಕ್ಕಳು ಓದದೆಯೇ ಸಹಿ ಹಾಕುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ. ಮದುವೆಯಾಗಿದ್ದರೂ ಇದೆ. 2005ಕ್ಕೆ ಮೊದಲೇ ಅಪ್ಪ ತೀರಿಕೊಂಡಿದ್ದರೂ ಆ ಹಕ್ಕು ಉಳಿಯುತ್ತದೆಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿ ಮುಗಿದ ವಾಟ್ನಿಯನ್ನು (ಪಾಲು ಹಂಚಿಕೆಯನ್ನು) ಈ ತಿದ್ದುಪಡಿ ಕದಲಿಸುವುದಿಲ್ಲ. ಹಕ್ಕು ಬಿಟ್ಟುಕೊಡುವುದು ನಿಮ್ಮ ಇಷ್ಟ, ಅದರಲ್ಲಿ ತಪ್ಪಿಲ್ಲ. ಏನನ್ನು ಬಿಡುತ್ತಿದ್ದೇನೆಂದು ತಿಳಿದು ಬಿಡಿ. ಪತ್ರವನ್ನು ಎರಡು ದಿನ ಮನೆಗೆ ತಂದು, ಸಮಿತಿಯ ವಕೀಲರಿಂದ ಓದಿಸಿ. ಎರಡು ದಿನ ತಡೆಯಲಾಗದ ಸಹಿ ಯಾವುದೂ ಇಲ್ಲ.

5. ಲಾರಿ ಗುದ್ದಿದರೆ ಸ್ಥಳದಲ್ಲೇ ರಾಜಿಯಾಗಬೇಡಿ.
ಗಣಿ ಸೀಮೆಯ ರಸ್ತೆಯಲ್ಲಿ ಇದು ಎಲ್ಲಕ್ಕಿಂತ ಮುಖ್ಯ. ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿದವರನ್ನು ಸಾಕ್ಷಿಯಾಗೆಂದು ಪೊಲೀಸರು ಬಲವಂತ ಮಾಡುವಂತಿಲ್ಲ. ಹಾಗಾಗಿ ಸಹಾಯಕ್ಕೆ ಹಿಂಜರಿಯಬೇಡಿ. ನಂಬರ್ ಪ್ಲೇಟಿನ ಫೋಟೊ, ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಗಾಯದ ವರದಿ, ಔಷಧಿ ಬಿಲ್ಲುಗಳನ್ನು ಜೋಪಾನ ಮಾಡಿ. ಚಾಲಕನ ಕಡೆಯವರು ಹತ್ತಿಪ್ಪತ್ತು ಸಾವಿರ ಹಿಡಿಸಿ ಕಾಗದಕ್ಕೆ ಸಹಿ ಕೇಳಿದರೆ ಕೊಡಬೇಡಿ, ಮೂಳೆ ಮುರಿತದ ಖರ್ಚು ತಿಂಗಳುಗಟ್ಟಲೆ ಬರುತ್ತದೆ. ಪರಿಹಾರದ ಅರ್ಜಿಯನ್ನು ನೀವು ವಾಸವಿರುವ ಪ್ರದೇಶದ ನ್ಯಾಯಮಂಡಳಿಯಲ್ಲೇ ಹಾಕಬಹುದು, ಆರು ತಿಂಗಳೊಳಗೆ ಹಾಕುವುದು ಕ್ಷೇಮ. ಗುದ್ದಿದ ಗಾಡಿ ಯಾವುದೆಂದೇ ಗೊತ್ತಾಗದಿದ್ದರೂ ಕೈಚೆಲ್ಲಬೇಡಿ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಸಿಗುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳು ಅರ್ಜಿಯನ್ನೇ ಹಾಕುವುದಿಲ್ಲ ಎಂಬುದು ನನಗೆ ಬಹಳ ನೋವಿನ ಸಂಗತಿ.

6. ‘ಇದು ನಮ್ಮ ಠಾಣೆಗೆ ಬರುವುದಿಲ್ಲ’ ಎಂದರೆ ವಾಪಸ್ ಬರಬೇಡಿ.
2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ‘ಜೀರೋ ಎಫ್‌ಐಆರ್’ ದಾಖಲಿಸಬಹುದು. ಪ್ರತಿಯನ್ನು ಉಚಿತವಾಗಿ ಕೊಡಬೇಕು. ಒಪ್ಪದಿದ್ದರೆ ಅದೇ ದೂರನ್ನು ಬರೆದು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

7. ಸಾಲಗಾರರಿಗೂ ಮರ್ಯಾದೆಯ ಹಕ್ಕಿದೆ.
ಮೈಕ್ರೋಫೈನಾನ್ಸ್ ಕಂತಿಗಾಗಿ ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡಿ ಕಾಡುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ 2022ರ ನಿಯಮ. ನೋಂದಣಿಯಿಲ್ಲದೆ ಸಾಲ ಕೊಟ್ಟು ಬೆದರಿಸುವವರಿಗೆ 2025ರಲ್ಲಿ ರಾಜ್ಯ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಖಾಲಿ ಚೆಕ್ಕು, ಖಾಲಿ ಬಾಂಡಿಗೆ ಸಹಿ ಮಾತ್ರ ಯಾರಿಗೂ ಹಾಕಿಕೊಡಬೇಡಿ.

8. ಬೀಜದ ಚೀಲ ಎಸೆಯಬೇಡಿ.
ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಬಿಲ್ಲು, ಲಾಟ್ ನಂಬರ್ ಇರುವ ಚೀಟಿ, ಮೊಳೆಯದ ಹೊಲದ ಫೋಟೊ ಇದ್ದರೆ ಗ್ರಾಹಕರ ಆಯೋಗಕ್ಕೆ ನೀವೇ ಅರ್ಜಿ ಹಾಕಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಮೊದಲು ವಿಚಾರಿಸಿಕೊಳ್ಳಲು 1915ಕ್ಕೆ ಫೋನ್ ಮಾಡಿ.

9. ಹಿರಿಯರೇ, ದಾನಪತ್ರದಲ್ಲಿ ಷರತ್ತು ಬರೆಸಿ.
‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಸಾಲು ಪತ್ರದಲ್ಲೇ ಇದ್ದು, ಮಕ್ಕಳು ನೋಡಿಕೊಳ್ಳದೇ ಹೋದರೆ ಹಿರಿಯ ನಾಗರಿಕರ 2007ರ ಕಾಯ್ದೆಯಡಿ ಆ ಪತ್ರವನ್ನು ರದ್ದುಮಾಡಿಸಬಹುದು. ಹೊಸಪೇಟೆಯವರಾದರೆ ಅರ್ಜಿ ಹೊಸಪೇಟೆಯ ಎಸಿ (ಅಸಿಸ್ಟೆಂಟ್ ಕಮಿಷನರ್) ಕಚೇರಿಗೆ.

10. ಲೋಕ ಅದಾಲತ್‌ಗೆ ಹೋಗಿ, ಆದರೆ ನಾಚಿಕೆಗೆ ಒಪ್ಪಬೇಡಿ.
ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ಅಲೆದಾಟ ತಪ್ಪುತ್ತದೆ. ಆದರೆ ಅಲ್ಲಿ ಒಪ್ಪಿದ್ದಕ್ಕೆ ಮೇಲ್ಮನವಿ ಇಲ್ಲ. ಮೊತ್ತ ಕಡಿಮೆಯೆನಿಸಿದರೆ ಬೇಡವೆನ್ನಿ, ಕೇಸು ಕೋರ್ಟಿನಲ್ಲಿ ಮುಂದುವರಿಯುತ್ತದೆ.

11. ಊರಿಗೆ ಬರಬೇಕಾದ ಗಣಿ ಹಣವನ್ನು ಊರೇ ಕೇಳಲಿ.
ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತ್ತು. ಕಾಗದ ಹಿಡಿದು ಕೇಳುವವರ ಬಲ ಎಷ್ಟೆಂಬುದನ್ನು ನಮ್ಮ ಸೀಮೆ ಕಣ್ಣಾರೆ ಕಂಡಿದೆ. 2015ರಿಂದ ಗಣಿ ಗುತ್ತಿಗೆದಾರರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟುತ್ತಾರೆ. ಬಾಧಿತ ಊರುಗಳ ಕುಡಿಯುವ ನೀರು, ಆರೋಗ್ಯ, ಪರಿಸರ, ಶಿಕ್ಷಣಕ್ಕೆ ಅದರಲ್ಲಿ ಆದ್ಯತೆ. ಗ್ರಾಮಸಭೆಯಲ್ಲಿ ಬೇಡಿಕೆಯನ್ನು ನಡಾವಳಿ ಪುಸ್ತಕಕ್ಕೆ ಬರೆಸಿ. ಆಮೇಲೆ 10 ರೂಪಾಯಿ ಶುಲ್ಕದೊಂದಿಗೆ ಪ್ರತಿಷ್ಠಾನದ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಬಿಪಿಎಲ್ ಕುಟುಂಬಕ್ಕೆ ಆ ಶುಲ್ಕವೂ ಇಲ್ಲ. ಕೇಳಬೇಕಾದ್ದು ಇಷ್ಟು: ನಮ್ಮ ಪಂಚಾಯಿತಿಗೆ ಯಾವ ವರ್ಷ ಎಷ್ಟು ಮಂಜೂರಾಯಿತು, ಯಾವ ಕಾಮಗಾರಿಗೆ, ಬಿಲ್ಲು ಯಾರಿಗೆ ಪಾವತಿಯಾಯಿತು. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ.