ಕಾಫಿ ಎಲೆಯ ಹಳದಿ, ತೋಟದ ಹುಳಿಮಣ್ಣು

ಕಾಫಿ ಗಿಡದ ಎಲೆ ಹಳದಿಯಾಗಲು ಹತ್ತಾರು ಕಾರಣಗಳಿವೆ. ಗೊಬ್ಬರ ಸಾಲದಿದ್ದರೂ ಹಳದಿ, ಬುಡದಲ್ಲಿ ನೀರು ನಿಂತರೂ ಹಳದಿ, ಕಾಂಡದೊಳಗೆ ಹುಳು ಕೊರೆಯುತ್ತಿದ್ದರೂ ಹಳದಿ. ಗೋಣಿಬೀಡು, ಮೂಡಿಗೆರೆ, ಕಳಸದ ಗುಡ್ಡಗಳಲ್ಲಿ ಇವಕ್ಕೆಲ್ಲ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ: ಮಣ್ಣಿನ ಹುಳಿ. ಗೊಬ್ಬರ ಹಾಕಿದರೂ ಗಿಡಕ್ಕೆ ಸಿಗದಂತೆ ಅದು ತಡೆಯುವುದರಿಂದ, ಹಳದಿ ಕಂಡ ಕೂಡಲೇ ಗೊಬ್ಬರದ ಚೀಲ ಬಿಚ್ಚುವ ಅಭ್ಯಾಸ ಇಲ್ಲಿ ದುಬಾರಿಯಾಗುತ್ತದೆ.

ಮೊದಲು ನೋಡಬೇಕಾದ್ದು ಹಳದಿ ಹಳೆ ಎಲೆಯಲ್ಲಿದೆಯೋ ಚಿಗುರಿನಲ್ಲಿದೆಯೋ ಎಂಬುದನ್ನು. ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಗಿಡದೊಳಗೆ ಓಡಾಡಬಲ್ಲವು. ಕೊರತೆಯಾದಾಗ ಗಿಡ ಹಳೆ ಎಲೆಯಿಂದ ಅವನ್ನು ಹಿಂದಕ್ಕೆ ತೆಗೆದು ಚಿಗುರಿಗೂ ಕಾಯಿಗೂ ಕೊಡುತ್ತದೆ. ಹಾಗಾಗಿ ಕೆಳಗಿನ, ಒಳಗಿನ ಎಲೆಗಳೇ ಮೊದಲು ಬಣ್ಣಗೆಡುತ್ತವೆ. ಕಬ್ಬಿಣ, ಸುಣ್ಣಾಂಶ, ಬೋರಾನ್ ಒಮ್ಮೆ ಎಲೆಗೆ ಸೇರಿದರೆ ಅಲ್ಲಿಂದ ಕದಲುವುದಿಲ್ಲ, ಅವುಗಳ ಕೊರತೆ ಚಿಗುರಿನಲ್ಲಿ ಕಾಣುತ್ತದೆ. ಸಾರಜನಕ ಕಡಿಮೆಯಾದರೆ ಹಳೆ ಎಲೆ ನರ ಸಮೇತ ಒಂದೇ ಸಮನೆ ಬಿಳಿಚಿಕೊಳ್ಳುತ್ತದೆ. ಪೊಟ್ಯಾಷ್ ಕೊರತೆಯಲ್ಲಿ ಎಲೆಯ ಅಂಚು ಸುಟ್ಟಂತಾಗುತ್ತದೆ. ಸತು ಸಾಲದ ಗಿಡದಲ್ಲಿ ಎಲೆ ಸಣ್ಣದಾಗಿ, ಗೆಣ್ಣುಗಳು ಒತ್ತೊತ್ತಾಗಿ, ಚಿಗುರು ಗೊಂಚಲು ಕಟ್ಟಿದಂತೆ ಕಾಣುತ್ತದೆ.

ಮೆಗ್ನೀಸಿಯಂ ಕೊರತೆಯನ್ನು ಮಾತ್ರ ಎಲೆ ಕೈಯಲ್ಲಿ ಹಿಡಿದೇ ಗುರುತಿಸಬೇಕು. ಕಾಯಿ ತುಂಬಿದ ರೆಕ್ಕೆಯಿಂದ, ಅಂದರೆ ಅಡ್ಡಕೊಂಬೆಯಿಂದ, ಒಂದು ಹಳೆ ಎಲೆ ಕಿತ್ತು ಬೆಳಕಿಗೆ ಹಿಡಿದರೆ, ನಡುನರ ಮತ್ತು ಅದರ ಕವಲುಗಳು ಹಸಿರಾಗಿ ಮೀನಿನ ಮುಳ್ಳಿನಂತೆ ಎದ್ದು ಕಾಣುತ್ತವೆ. ನರಗಳ ನಡುವಿನ ಜಾಗವೆಲ್ಲ ಹಳದಿ. ದೂರದಿಂದ ನೋಡಿದವರಿಗೆ ಇದು ಸಾರಜನಕದ ಕೊರತೆಯಂತೆಯೇ ತೋರುತ್ತದೆ.

ಕೊರತೆಯೆಂದು ತೀರ್ಮಾನಿಸುವ ಮುನ್ನ ಎಲೆಯನ್ನು ಮಗುಚಿ ನೋಡುವುದೂ ಅಗತ್ಯ. ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಬೆರಳಿಗೆ ಹತ್ತಿದರೆ ಅದು ಎಲೆ ತುಕ್ಕು ರೋಗ. ಸಾಲಿನಲ್ಲಿ ಒಂದೇ ಅರೇಬಿಕಾ ಗಿಡ ಹಳದಿಯಾಗಿ ಜೋತುಬಿದ್ದು, ಕಾಂಡದ ಮೇಲೆ ಏಣುಗಳೆದ್ದಿದ್ದರೆ ಬಿಳಿ ಕಾಂಡಕೊರಕ. ತಗ್ಗಿನ ಗಿಡಗಳಷ್ಟೇ ಕಂದಿದ್ದರೆ ಬಸಿಗಾಲುವೆ ಮುಚ್ಚಿಹೋಗಿದೆಯೇ ನೋಡಬೇಕು. ಇಡೀ ಇಳಿಜಾರು ಒಂದೇ ಬಗೆಯಲ್ಲಿ ಬಣ್ಣಗೆಟ್ಟಾಗಲೇ ಮಣ್ಣಿನ ಮೇಲೆ ಅನುಮಾನ ಹೋಗಬೇಕು.

ಮಲೆನಾಡಿನ ಮಣ್ಣು ಹುಳಿಯಾಗುವುದು ಮಳೆಯಿಂದ. ಆರಿದ್ರಾದಿಂದ ಆಶ್ಲೇಷದವರೆಗೆ ಬಿಡದೆ ಸುರಿಯುವ ನೀರು ಮಣ್ಣಿನ ಸುಣ್ಣಾಂಶವನ್ನೂ ಮೆಗ್ನೀಸಿಯಂ ಅನ್ನೂ ತೊಳೆದು ಒಯ್ಯುತ್ತದೆ. ಮೇಲಿಂದ ಹಾಕುವ ಅಮೋನಿಯಾ ರೂಪದ ಗೊಬ್ಬರಗಳು ಹುಳಿಯನ್ನು ಇನ್ನಷ್ಟು ಏರಿಸುತ್ತವೆ. 100 ಕಿಲೋ ಅಮೋನಿಯಂ ಸಲ್ಫೇಟ್ ಹುಟ್ಟಿಸುವ ಹುಳಿಯನ್ನು ತಣಿಸಲು ಸುಮಾರು 110 ಕಿಲೋ ಸುಣ್ಣದ ಕಲ್ಲಿನ ಪುಡಿ ಬೇಕು. ಕಾಫಿಗೆ ಒಗ್ಗುವ ರಸಸಾರ 6ರಿಂದ 6.5. ಈ ಅಳತೆಯಲ್ಲಿ ಒಂದಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿದಂತೆ. 5.5ಕ್ಕಿಂತ ಕೆಳಗೆ ಮಣ್ಣಿನ ಅಲ್ಯೂಮಿನಿಯಂ ಕರಗಲು ಶುರುವಾಗಿ ಬೇರಿನ ತುದಿ ಮೊಂಡಾಗುತ್ತದೆ, ರಂಜಕ ಕಬ್ಬಿಣ ಮತ್ತು ಅಲ್ಯೂಮಿನಿಯಂ ಜೊತೆ ಬೆಸೆದುಕೊಂಡು ಗಿಡಕ್ಕೆ ದಕ್ಕದೆ ಹೋಗುತ್ತದೆ.

ಹಳದಿ ಕಂಡ ಕೂಡಲೇ ಗೊಬ್ಬರ ಹಾಕುವ ತಪ್ಪು ಈ ಲೇಖನ ಬರೆಯುತ್ತಿರುವವರ ತೋಟದಲ್ಲೂ ಆಯಿತು. ಅರೇಬಿಕಾದ ಒಂದು ಇಳಿಜಾರಿನಲ್ಲಿ ಮಳೆಗಾಲದ ಕೊನೆಗೆ ಒಳ ಎಲೆಗಳು ಹಳದಿಯಾದವು. ಎಲೆಯನ್ನು ಬೆಳಕಿಗೆ ಹಿಡಿದು ನೋಡದೆ ಎರಡು ಸಲ ಯೂರಿಯಾ ಕೊಟ್ಟದ್ದಾಯಿತು. ಕೆಲವು ವಾರ ಹಸಿರು ಮರಳಿತು. ಮರುವರ್ಷ ಹಳದಿ ಇನ್ನೂ ಮೇಲಕ್ಕೇರಿ, ಕಾಯಿ ಬಲಿಯುವ ಹೊತ್ತಿಗೆ ರೆಕ್ಕೆಗಳು ಬರಿದಾದವು. ಕೊನೆಗೆ ಮಣ್ಣು ಪರೀಕ್ಷಿಸಿದಾಗ ರಸಸಾರ 4.8. ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗಿ ಮಾರ್ಪಡುವಾಗಲೂ ಹುಳಿ ಹುಟ್ಟುತ್ತದೆ. ಗಿಡ ಬೇಡಿದ್ದು ಮೆಗ್ನೀಸಿಯಂ, ಕೊಟ್ಟದ್ದು ಅದನ್ನು ಇನ್ನಷ್ಟು ದೂರ ಮಾಡುವ ಗೊಬ್ಬರ.

ಪರೀಕ್ಷೆಗೆ ಮಣ್ಣು ತೆಗೆಯುವಾಗ ಇಡೀ ತೋಟಕ್ಕೆ ಒಂದೇ ಮಾದರಿ ಸಾಲದು. ಇಳಿಜಾರು, ತಗ್ಗು, ಹಳೆ ಗಿಡ, ಹೊಸ ಗಿಡ ಎಂದು ಬೇರೆ ಮಾಡಿ, ಪ್ರತಿ ಭಾಗದಲ್ಲೂ ಹತ್ತು ಹದಿನೈದು ಕಡೆ ದರಗು ಸರಿಸಿ, ಒಂಬತ್ತು ಇಂಚು ಆಳಕ್ಕೆ ಓರೆಯಾಗಿ ಗುಂಡಿ ತೋಡಿ, ಅದರ ಬದಿಯಿಂದ ಮೇಲಿಂದ ಕೆಳಗಿನವರೆಗೆ ಒಂದು ಪದರ ಕೆರೆದುಕೊಳ್ಳಬೇಕು. ಎಲ್ಲವನ್ನೂ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಕಳಿಸಿದರೆ ಸಾಕು. ಗೊಬ್ಬರ ಹಾಕಿದ ಹೊಸತರಲ್ಲಿ ತೆಗೆದ ಮಣ್ಣು ತಪ್ಪು ಲೆಕ್ಕ ಕೊಡುತ್ತದೆ. ಈ ಭಾಗದವರಿಗೆ ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ ಹತ್ತಿರ. ಹುಳಿ ತಣಿಸಲು ಹಾಕುವ ಸುಣ್ಣದ ಪ್ರಮಾಣವನ್ನು ಪರೀಕ್ಷೆಯ ವರದಿಯಿಂದಲೇ ತಿಳಿಯಬೇಕು. ರಸಸಾರ ಒಂದೇ ಇದ್ದರೂ ಜೇಡಿ ಹೆಚ್ಚಿರುವ ಮಣ್ಣು ಮರಳು ಮಣ್ಣಿಗಿಂತ ಹೆಚ್ಚು ಸುಣ್ಣ ಕೇಳುತ್ತದೆ. ಪಕ್ಕದ ತೋಟದವರು ಹಾಕಿದಷ್ಟೇ ಹಾಕುವುದು ಸರಿಯಲ್ಲ.

ಸುಣ್ಣಗಳೆಲ್ಲ ಒಂದೇ ಬಲದವಲ್ಲ. 100 ಕಿಲೋ ಶುದ್ಧ ಸುಣ್ಣಕಲ್ಲಿನ ಪುಡಿ ಮಾಡುವ ಕೆಲಸವನ್ನು 74 ಕಿಲೋ ಅರಳಿದ ಸುಣ್ಣ, 56 ಕಿಲೋ ಸುಟ್ಟ ಸುಣ್ಣ ಮಾಡುತ್ತವೆ. ಸುಟ್ಟ ಸುಣ್ಣ ಅಗ್ಗವೆನಿಸಿದರೂ ಬೇರನ್ನೂ ಕೆಲಸದವರ ಕೈಯನ್ನೂ ಸುಡುತ್ತದೆ. ಮೆಗ್ನೀಸಿಯಂ ಸಾಲದ ತೋಟಕ್ಕೆ ಡಾಲಮೈಟ್ ಮೇಲು, ಸುಣ್ಣಾಂಶದ ಜೊತೆ ಮೆಗ್ನೀಸಿಯಂ ಕೂಡ ಅದರಲ್ಲಿದೆ. ಪುಡಿ ನುಣ್ಣಗಿರಬೇಕು, ಹರಳು ಹರಳಾದದ್ದು ವರ್ಷಗಟ್ಟಲೆ ಕರಗದೆ ಬಿದ್ದಿರುತ್ತದೆ.

ಹಾಕಲು ತಕ್ಕ ಕಾಲ ಸ್ವಾತಿ ಮಳೆ ಮುಗಿದು ಮಣ್ಣಿನಲ್ಲಿ ಇನ್ನೂ ಹಸಿ ಇರುವಾಗ. ಕಾಂಡಕ್ಕೆ ತಾಗುವಂತೆ ಗುಡ್ಡೆ ಹಾಕದೆ, ದರಗು ಸರಿಸಿ ಸಾಲುಗಳ ನಡುವೆ ಸಮನಾಗಿ ಎರಚಿ, ಮೇಲ್ಮಣ್ಣಿನಲ್ಲಿ ಹಗುರವಾಗಿ ಕೆದಕಿ ಬೆರೆಸಬೇಕು. ಆಳವಾಗಿ ಅಗೆದರೆ ಮೇಲ್ಪದರದ ಹೀರುಬೇರುಗಳು ಕತ್ತರಿಸಿಹೋಗುತ್ತವೆ. ಯೂರಿಯಾ ಅಥವಾ ಕೊಟ್ಟಿಗೆ ಗೊಬ್ಬರದ ಜೊತೆ ಸುಣ್ಣ ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮೂರು ನಾಲ್ಕು ವಾರಗಳ ಅಂತರ ಇರಲಿ. ನೆರಳು ಮರಕ್ಕೆ ಹಬ್ಬಿದ ಕಾಳುಮೆಣಸಿಗೆ ಬೇರೆ ಲೆಕ್ಕ: ಎರಡು ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಬಳ್ಳಿಗೆ ಅರ್ಧ ಕಿಲೋ.

ಸುಣ್ಣ ಮಣ್ಣಿನೊಳಗೆ ನಿಧಾನವಾಗಿ ಇಳಿಯುತ್ತದೆ. ಹಾಕಿದ ತಿಂಗಳಲ್ಲಿ ಬದಲಾವಣೆ ಹುಡುಕುವುದು ವ್ಯರ್ಥ. ಪೂರ್ತಿ ಹಳದಿಯಾದ ಎಲೆ ಮತ್ತೆ ಹಸಿರಾಗುವುದೂ ಇಲ್ಲ. ಗಮನಿಸಬೇಕಾದ್ದು ಮುಂದಿನ ಚಿಗುರನ್ನು. ಮೆಗ್ನೀಸಿಯಂ ಸಲ್ಫೇಟ್ ಸಿಂಪಡಣೆ ಆ ಮಧ್ಯದ ಅವಧಿಗೆ ಆಸರೆ ಮಾತ್ರ. ಮೇಲೆ ಹೇಳಿದ ಇಳಿಜಾರು ಸುಧಾರಿಸಲು ಎರಡು ಮಳೆಗಾಲ ಹಿಡಿಯಿತು.

ಸುಣ್ಣ ಅತಿಯಾದರೂ ಎಲೆ ಹಳದಿಯೇ, ಆದರೆ ಈ ಸಲ ಚಿಗುರಿನಲ್ಲಿ. ಅದೇ ತೋಟದಲ್ಲಿ ವರ್ಷಗಳಿಂದ ಬೋರ್ಡೋ ದ್ರಾವಣಕ್ಕೆ ಸುಣ್ಣ ಕಲಸುತ್ತಿದ್ದ ಡ್ರಮ್ಮಿನ ಸುತ್ತ ನಾಲ್ಕಾರು ಗಿಡಗಳ ಚಿಗುರೆಲೆ ಬಿಳಿಹಳದಿಯಾಗಿ, ಸಣ್ಣ ನರಗಳು ಮಾತ್ರ ಹಸಿರು ಬಲೆಯಂತೆ ಉಳಿದಿದ್ದವು. ಅದು ಕಬ್ಬಿಣದ ಕೊರತೆ. ಅಲ್ಲಿನ ಮಣ್ಣಿನ ರಸಸಾರ 7 ದಾಟಿತ್ತು, ಬೋರ್ಡೋಗೆ ಬೆರೆಸುವ ಮೈಲುತುತ್ತದ ತಾಮ್ರವೂ ಸೇರಿ ಬೇರು ಕಬ್ಬಿಣ ಹೀರದಂತೆ ಅಡ್ಡಿಯಾಗಿತ್ತು. ಆ ಜಾಗವನ್ನು ಸುಣ್ಣದ ಲೆಕ್ಕದಿಂದ ಕೈಬಿಟ್ಟು, ಬುಡಗಳಿಗೆ ಕಾಂಪೋಸ್ಟ್ ಕೊಟ್ಟು, ಡ್ರಮ್ಮನ್ನು ಗಿಡಗಳಿಲ್ಲದ ರಸ್ತೆಯಂಚಿಗೆ ಸಾಗಿಸಲಾಯಿತು.