ಗ್ಲೈಡರಿನ ಎಂಜಿನು ಏಕೆ ಹೊರಡದು?

ರಾಯಚೂರು ಸೀಮೆಯ ಚಂದ್ರಬಂಡದಂತಹ ಊರುಗಳಲ್ಲಿ, ಟ್ರ್ಯಾಕ್ಟರಿನ ಕೀಲಿ ತಿರುಗಿಸಿದಾಗ 'ಟಿಕ್' ಎಂಬ ಸದ್ದು ಮಾತ್ರ ಬಂದು ಎಂಜಿನು ಹೊರಡದಿರುವುದನ್ನು ಕಾಣದವರು ವಿರಳ. ದೀಪಗಳು ಉರಿಯುತ್ತಿರುತ್ತವೆ, ಬ್ಯಾಟರಿಯಲ್ಲಿ ಕೊರತೆಯಿಲ್ಲವೆಂದು ತೋರುತ್ತದೆ. ನೆಲದ ಮೇಲೆ ಇದರಿಂದ ಒಂದು ಗಳಿಗೆಯ ಕೆಲಸ ಕೆಡಬಹುದು, ಅಷ್ಟೆ. ಇದೇ ದೋಷವು ಆಕಾಶದಲ್ಲಿ ತಲೆದೋರಿದರೆ?

ಗ್ಲೈಡರು ಎಂಜಿನಿನ ನೆರವಿಲ್ಲದೆ ಗಾಳಿಯಲ್ಲಿ ತೇಲುವ ವಿಮಾನ. 1941ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಜಿ-1 ಎಂಬ ಗ್ಲೈಡರು ನಿರ್ಮಾಣವಾಯಿತು. ಸಾಮಾನ್ಯ ಗ್ಲೈಡರನ್ನು ಮೇಲಕ್ಕೊಯ್ಯಲು ಬೇರೊಂದು ವಿಮಾನವೋ ನೆಲದ ಮೇಲಿನ ಎಳೆಯುವ ಯಂತ್ರವೋ ಬೇಕು. ತಾನಾಗಿಯೇ ಮೇಲೇರುವ ಗ್ಲೈಡರಿಗೆ ಈ ಹಂಗಿಲ್ಲ. ಜರ್ಮನಿಯಲ್ಲಿ 1981ರಲ್ಲಿ ಮೊದಲು ಹಾರಿದ ಡಿಜಿ-400 ಈ ಬಗೆಯದು. ಅದರ ಎಂಜಿನು ಒಡಲೊಳಗೆ ಅಡಗಿರುತ್ತದೆ. ಬೇಕಾದಾಗ ವಿದ್ಯುತ್ ಮೋಟಾರೊಂದು ಅದನ್ನು ಪ್ರೊಪೆಲರಿನೊಡನೆ ಹೊರಕ್ಕೆತ್ತುತ್ತದೆ.

ಇಂತಹ ಯಂತ್ರದ ವಿದ್ಯುತ್ ವ್ಯವಸ್ಥೆಯಲ್ಲಿ ಎರಡು ಮಂಡಲಗಳನ್ನು ನಾವು ಗುರುತಿಸಬೇಕು. ಮೊದಲನೆಯದು ಆಜ್ಞೆಯ ಮಂಡಲ. ಇದರಲ್ಲಿ ಫ್ಯೂಸು, ಗುಂಡಿ, ತೆಳುವಾದ ತಂತಿಗಳು ಇರುತ್ತವೆ. ಅನೇಕ ಯಂತ್ರಗಳಲ್ಲಿ ಎಂಜಿನು ಪೂರ್ತಿಯಾಗಿ ಮೇಲೆದ್ದ ಬಳಿಕವೇ ಮುಂದಿನ ಆಜ್ಞೆಗೆ ಎಡೆಕೊಡುವ ಮಿತಿ ಸ್ವಿಚ್ಚೂ ಇರುತ್ತದೆ. ಎರಡನೆಯದು ಬಲದ ಮಂಡಲ. ಬ್ಯಾಟರಿಯಿಂದ ದಪ್ಪ ತಂತಿಯ ಮೂಲಕ ಸ್ಟಾರ್ಟರಿಗೆ ಹರಿಯುವ ಭಾರಿ ಪ್ರವಾಹ ಇದರದು. ಎರಡರ ನಡುವೆ ರಿಲೇ ಎಂಬ ವಿದ್ಯುತ್ಕಾಂತದ ಸ್ವಿಚ್ಚು ನಿಂತಿದೆ. 'ಟಿಕ್' ಎಂಬ ಸದ್ದು ಅದರದೇ. ಆದ್ದರಿಂದ ಸದ್ದು ಕೇಳಿಸದಿದ್ದರೆ ಮೊದಲು ಆಜ್ಞೆಯ ಮಂಡಲವನ್ನು ಶೋಧಿಸಬೇಕು. ಸದ್ದು ಬಂದೂ ಸ್ಟಾರ್ಟರು ತಿರುಗದಿದ್ದರೆ ಬಲದ ಮಂಡಲವನ್ನು. ಹೀಗೆ ಒಂದೇ ಪರೀಕ್ಷೆಯಿಂದ ಅರ್ಧ ಹುಡುಕಾಟ ಮುಗಿಯುತ್ತದೆ.

ಬಲದ ಮಂಡಲದಲ್ಲಿ ಕಾಣದ ಶತ್ರುವೆಂದರೆ ಸಡಿಲವಾದ ಅಥವಾ ಕಿಲುಬು ಹಿಡಿದ ಬೆಸುಗೆ. ಅದರ ರೋಧವು ಕೇವಲ 0.03 ಓಮ್ ಎಂದು ಭಾವಿಸೋಣ. ಸ್ಟಾರ್ಟರು 100 ಆಂಪಿಯರ್ ಸೆಳೆದರೆ, ಓಮ್‌ನ ನಿಯಮದಂತೆ ಅಲ್ಲಿಯೇ 3 ವೋಲ್ಟ್ ನಷ್ಟವಾಗುತ್ತದೆ. 300 ವಾಟ್ ಶಕ್ತಿ ಬಿಸಿಯಾಗಿ ಹೋಗುತ್ತದೆ. ಆದರೆ ಸ್ಟಾರ್ಟರಿಗೆ ಆಜ್ಞೆಯಿಲ್ಲದಾಗ ಅಲ್ಲಿ ಪ್ರವಾಹವೇ ಇಲ್ಲ. ಪ್ರವಾಹವಿಲ್ಲದೆ ನಷ್ಟವೂ ಇಲ್ಲ. ಆಗ ಮಾಪಕವು 12.6 ವೋಲ್ಟನ್ನೇ ತೋರಿ ನಮ್ಮನ್ನು ವಂಚಿಸುತ್ತದೆ.

ಆದುದರಿಂದ ಅಳತೆಯನ್ನು ಭಾರವಿರುವಾಗಲೇ ಮಾಡಬೇಕು. ಸ್ಟಾರ್ಟರಿಗೆ ಆಜ್ಞೆ ಕೊಟ್ಟ ಕ್ಷಣದಲ್ಲಿ ಬ್ಯಾಟರಿಯ ತುದಿಗಳಲ್ಲಿಯೇ ವೋಲ್ಟೇಜು ಬಹಳ ಕುಸಿದರೆ ಮೊದಲ ಸಂಶಯ ಬ್ಯಾಟರಿಯ ಮೇಲೆ. ಅಲ್ಲಿ ಸರಿಯಾಗಿದ್ದು ಸ್ಟಾರ್ಟರಿನ ತುದಿಗಳಲ್ಲಿ ಕಡಮೆಯಾದರೆ ದೋಷವು ನಡುವಿನ ತಂತಿ, ಬೆಸುಗೆ ಅಥವಾ ರಿಲೇಯಲ್ಲಿದೆ. ಮರಳಿ ಬರುವ ಋಣ ತಂತಿಯನ್ನು ಮರೆಯಬಾರದು. ಎರಡು ಕಡೆಯೂ ಸರಿಯಿದ್ದರೆ ಸ್ಟಾರ್ಟರನ್ನೇ ಬಿಚ್ಚಿ ನೋಡಬೇಕು. ಪ್ರೊಪೆಲರು ಯಾವ ಗಳಿಗೆಯಲ್ಲಾದರೂ ತಿರುಗಬಹುದಾದ್ದರಿಂದ ಇದು ಅಧಿಕೃತ ತಂತ್ರಜ್ಞರ ಕೆಲಸ.

ವೈಮಾನಿಕನಾದರೋ ಈ ಶೋಧನೆಯನ್ನು ಗಾಳಿಯಲ್ಲಿ ನಡೆಸಲಾರನು. ಹೊರಚಾಚಿ ನಿಂತ, ತಿರುಗದ ಪ್ರೊಪೆಲರು ಗಾಳಿಯನ್ನು ತಡೆದು ಗ್ಲೈಡರನ್ನು ಬೇಗ ಕೆಳಗಿಳಿಸುತ್ತದೆ. ಅದಕ್ಕಾಗಿಯೇ ಜಾಣನಾದವನು ಮೊದಲು ಇಳಿಯಲು ತಕ್ಕ ಬಯಲನ್ನು ಗೊತ್ತುಮಾಡಿಕೊಂಡು, ಸಾಕಷ್ಟು ಎತ್ತರವಿರುವಾಗಲೇ ಎಂಜಿನನ್ನು ಹೊರತೆಗೆಯುತ್ತಾನೆ. ಎಂಜಿನು ಹೊರಡದಿದ್ದರೂ ಅವನಿಗೆ ನೆಲವುಂಟು.

ವಿದ್ಯಾರ್ಥಿಗಳು ಈ ತತ್ತ್ವವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಬಳಸಿ ಸವೆದ ಟಾರ್ಚಿನ ಶುಷ್ಕಕೋಶವೊಂದರ ವೋಲ್ಟೇಜನ್ನು ಬರಿದೆ ಅಳೆಯಿರಿ. ಅನಂತರ ಅದಕ್ಕೆ ಟಾರ್ಚಿನ ಸಣ್ಣ ಬಲ್ಬನ್ನು ಜೋಡಿಸಿ ಪುನಃ ಅಳೆಯಿರಿ. ಎರಡು ಅಂಕೆಗಳ ಅಂತರವು ಕೋಶದ ನಿಜಸ್ಥಿತಿಯನ್ನು ತಿಳಿಸುತ್ತದೆ.