ಯಂತ್ರವರಿಯದ ಆದೇಶ

ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಬೀದರ ಸೀಮೆಯ ಕಚೇರಿ ವ್ಯವಹಾರವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ಆ ಕಾಲದ ಜಮೀನಿನ ಪತ್ರವೊಂದನ್ನು ಭಾಲ್ಕಿಯ ರೈತನು ಇಂದು ಕನ್ನಡವನ್ನಷ್ಟೇ ಬಲ್ಲ ಗುಮಾಸ್ತನ ಮುಂದಿಟ್ಟರೆ, ಅವನು ಓದಲಾರೆನೆಂದು ಹಿಂದಿರುಗಿಸುವನು. ಅಷ್ಟರಿಂದಲೇ ಪತ್ರವು ಸುಳ್ಳೆನ್ನಲಾದೀತೇ? ಗಣಕಯಂತ್ರದಲ್ಲಿಯೂ ಇಂಥ ಪ್ರಸಂಗವು ಒದಗುವುದುಂಟು.

ನಾವು ಸಿ ಭಾಷೆಯಲ್ಲಿ ಬರೆದುದನ್ನು ಕಂಪೈಲರು ಪ್ರೊಸೆಸರಿನ ಆದೇಶಗಳನ್ನಾಗಿ ಮಾರ್ಪಡಿಸುತ್ತದೆಯಷ್ಟೆ. ಈ ಆದೇಶಗಳ ಭಂಡಾರವು ಕಾಲಕಾಲಕ್ಕೆ ಬೆಳೆಯುತ್ತ ಬಂದಿದೆ. ಇಂಟೆಲ್ ಪ್ರೊಸೆಸರುಗಳಿಗೆ 2011ರಲ್ಲಿ ಎವಿಎಕ್ಸ್ ಎಂಬ ಸಮೂಹವು ಸೇರಿತು. ಅದರ ಒಂದೇ ಆದೇಶವು 32 ಬಿಟ್‌ಗಳ ಎಂಟು ದಶಮಾಂಶ ಸಂಖ್ಯೆಗಳ ಜೋಡಿಗಳನ್ನು ಒಮ್ಮೆಗೇ ಕೂಡಿಸಬಲ್ಲುದು. ಬೀದರ ನಗರದ ಹೊಸ ಯಂತ್ರವೊಂದರಲ್ಲಿ, ಆ ಯಂತ್ರಕ್ಕೇ ಒಪ್ಪುವಂತೆ ಕಂಪೈಲ್ ಮಾಡಿದ ಪ್ರೋಗ್ರಾಮನ್ನು ಔರಾದದಲ್ಲಿರುವ 2010ರ ಯಂತ್ರಕ್ಕೆ ಒಯ್ದೆವೆಂದು ಭಾವಿಸೋಣ. ಅಪರಿಚಿತ ಆದೇಶವು ಎದುರಾದೊಡನೆ ಪ್ರೊಸೆಸರು ತಡೆದು ನಿಲ್ಲುವುದು. ಲಿನಕ್ಸ್ ವ್ಯವಸ್ಥೆಯು 4ನೆಯ ಸಂಕೇತವನ್ನು ಕಳುಹಿಸಿ, ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಸಾರಿ, ಪ್ರೋಗ್ರಾಮನ್ನು ಕೊನೆಗಾಣಿಸುವುದು.

ಇದಕ್ಕಿಂತ ಸೋಜಿಗದ ಸಂಗತಿ ಬೇರೊಂದಿದೆ. ಸರಿಯಾಗಿ ನಡೆಯುತ್ತಿದ್ದ ಪ್ರೋಗ್ರಾಮು ಅದೇ ಯಂತ್ರದಲ್ಲಿ ವಾಲ್‌ಗ್ರಿಂಡ್ ಎಂಬ ದೋಷಶೋಧಕದ ಅಡಿಯಲ್ಲಿ ಮಾತ್ರ ಮುಗ್ಗರಿಸಬಹುದು! ವಾಲ್‌ಗ್ರಿಂಡ್ ನಮ್ಮ ಆದೇಶಗಳನ್ನು ಪ್ರೊಸೆಸರಿಗೆ ನೇರವಾಗಿ ಒಪ್ಪಿಸುವುದಿಲ್ಲ. ಒಂದೊಂದನ್ನೂ ತಾನೇ ಓದಿ, ಸ್ಮೃತಿಯ ತಪಾಸಣೆಗಳನ್ನು ನಡುವೆ ಸೇರಿಸಿ, ಮರುಭಾಷಾಂತರಿಸಿ ನಡೆಸುತ್ತದೆ. ಎಂದರೆ ಇಲ್ಲಿ ಓದುಗರು ಇಬ್ಬರು. ಪ್ರೊಸೆಸರಿಗೆ ತಿಳಿದುದು ಈ ನಡುವಣ ಓದುಗನಿಗೆ ತಿಳಿಯದಿರಬಹುದು. ಕೆಲವು ಗ್ರಂಥಾಲಯ ಕ್ರಮಗಳು ಓಡುವ ವೇಳೆಯಲ್ಲಿ ‘ನೀನು ಏನೇನನ್ನು ಬಲ್ಲೆ?’ ಎಂದು ಪ್ರೊಸೆಸರನ್ನು ವಿಚಾರಿಸಿಯೇ ಮುಂದುವರಿಯುತ್ತವೆ. ಆ ಪ್ರಶ್ನೆಗೆ ವಾಲ್‌ಗ್ರಿಂಡ್ ತಾನೇ ಉತ್ತರವಿತ್ತು, ತಾನು ಬಲ್ಲವುಗಳನ್ನಷ್ಟೇ ಹೆಸರಿಸುವುದರಿಂದ ಅವು ಪಾರಾಗುತ್ತವೆ. ಕಂಪೈಲ್ ಆಗುವಾಗಲೇ ಆಯ್ಕೆ ಮುಗಿಸಿದ ನಮ್ಮ ಪ್ರೋಗ್ರಾಮು ಯಾರನ್ನೂ ಕೇಳುವುದಿಲ್ಲ.

ಆದುದರಿಂದ ಮೊದಲು ವಿಚಾರಿಸಬೇಕಾದುದು, ಅರಿಯದವರು ಯಾರು ಎಂಬುದನ್ನು. ಪ್ರೋಗ್ರಾಮು ನಿಂತ ಸ್ಥಳದ ಆದೇಶವನ್ನು ಜಿಡಿಬಿಯಲ್ಲಿ ನೋಡಿ, ಅದು ಸೇರಿದ ಸಮೂಹವು ಯಂತ್ರದ ಸಿಪಿಯುಇನ್ಫೋ ಪಟ್ಟಿಯಲ್ಲಿದೆಯೇ ಎಂದು ಪರೀಕ್ಷಿಸಬೇಕು. ಇಲ್ಲದಿದ್ದರೆ ಕೊರತೆಯು ಪ್ರೊಸೆಸರಿನದು. ಇದ್ದೂ ವಾಲ್‌ಗ್ರಿಂಡ್ ತಡೆದರೆ ಅದು ವಾಲ್‌ಗ್ರಿಂಡಿನದು. ಎರಡಕ್ಕೂ ಪರಿಹಾರವೊಂದೇ: ಆ ಸಮೂಹವನ್ನು ಬಿಟ್ಟು ಪುನಃ ಕಂಪೈಲ್ ಮಾಡುವುದು. ವೇಗ ತುಸು ಕುಂದೀತು. ಶೋಧನೆಗೆ ಅದರಿಂದ ಬಾಧಕವಿಲ್ಲ. ಆದೇಶವನ್ನು ಹಾರಿಸಿ ಮುಂದೆ ನಡೆಸುವ ಉಪಾಯವನ್ನು ಕೆಲವರು ಹೂಡುತ್ತಾರೆ. ಇದು ಸಲ್ಲದು. ಆಗಬೇಕಿದ್ದ ಸಂಕಲನವು ಆಗದೆ, ಮುಂದಿನ ಫಲಗಳನ್ನು ನಂಬಲಾಗದು.

ನಿಂತ ಸ್ಥಳದಲ್ಲಿ ಯುಡಿ-2 ಎಂಬ ಆದೇಶವು ಕಂಡರೆ ಮೇಲಿನ ವಿಚಾರಣೆ ವ್ಯರ್ಥ. ಎಂದಿಗೂ ತಲುಪಬಾರದ ಸ್ಥಳದಲ್ಲಿ ಕಂಪೈಲರೇ ಬುದ್ಧಿಪೂರ್ವಕವಾಗಿ ಇರಿಸುವ ಆದೇಶವದು. ಅಲ್ಲಿ ತಪ್ಪನ್ನು ಹುಡುಕಬೇಕಾದುದು ನಮ್ಮ ಮೂಲ ಬರಹದಲ್ಲಿಯೇ.